ಅವಸರದ ತಪ್ಪು, ಓಟಕ್ಕೆ ಕೆಟ್ಟ ಹೆಸರು

ಮೂವತ್ತೈದು ದಾಟಿದವರೊಬ್ಬರು ಹೊಸದಾಗಿ ಶೂ ಕಟ್ಟಿಕೊಂಡು ಬೆಳಿಗ್ಗೆ ಓಡಲು ಹೊರಟರೆ ಸಾಕು, ಎರಡು ಕಡೆಯಿಂದ ಉಪದೇಶ ಬರುತ್ತದೆ. ಒಂದು ಹಿರಿಯರದು: "ಓಡ್ಬೇಡಪ್ಪ, ನಡೆದ್ರೆ ಸಾಕು. ಓಡಿದ್ರೆ ಮಂಡಿ ಸವೆದು ಹೋಗುತ್ತೆ, ಆಮೇಲೆ ಆಪರೇಷನ್ನೇ ಗತಿ." ಇನ್ನೊಂದು ಜಿಮ್ಮಿಗೆ ಹೋಗುವ ತಮ್ಮನದೋ, ಆಫೀಸಿನಲ್ಲಿ ಪಕ್ಕದ ಸೀಟಿನವನದೋ: "ಮೊದ್ಲು ನೋವಾಗ್ಲೇಬೇಕು ಗುರು. ನೋವಾದ್ರೆ ಬಾಡಿ ರೆಡಿ ಆಗ್ತಿದೆ ಅಂತ. ನಿಲ್ಲಿಸ್ಬೇಡ."

ಮೇಲುನೋಟಕ್ಕೆ ಇವರಿಬ್ಬರದು ಎಣ್ಣೆ-ಸೀಗೆಕಾಯಿ ಸಂಬಂಧ. ಒಬ್ಬರು ಬೇಡ ಎನ್ನುತ್ತಾರೆ, ಇನ್ನೊಬ್ಬರು ಬಿಡಬೇಡ ಎನ್ನುತ್ತಾರೆ. ಆದರೆ ಒಳಗಿನ ನಂಬಿಕೆ ಒಂದೇ: ಓಟ ಅಂದರೆ ನೋವು. ಹಿರಿಯರು ಅದಕ್ಕೆ ಹೆದರಿ ದೂರ ಇರಿ ಎನ್ನುತ್ತಾರೆ. ಕಿರಿಯರು ಹಲ್ಲು ಕಚ್ಚಿ ತಡೆದುಕೊಳ್ಳಿ ಎನ್ನುತ್ತಾರೆ. ಹೊಸಬರು ಈ ಎರಡರ ನಡುವೆ ಸಿಕ್ಕಿ, ಮೊದಲ ತಿಂಗಳು ಕಿರಿಯರ ಮಾತು ಕೇಳಿ ಕಾಲು ಕೆಡಿಸಿಕೊಂಡು, ಎರಡನೇ ತಿಂಗಳು ಹಿರಿಯರು ಹೇಳಿದ್ದೇ ಸರಿ ಎಂದು ಶೂ ಮೂಲೆಗೆ ಎಸೆಯುತ್ತಾರೆ. ಹೀಗೆ ಒಂದು ಸುಳ್ಳು ಇನ್ನೊಂದು ಸುಳ್ಳಿಗೆ ಸಾಕ್ಷಿ ಒದಗಿಸುತ್ತದೆ. ನನ್ನ ವಾದ ಇಷ್ಟು: ಹೊಸಬರ ಕಾಲುನೋವಿಗೆ ಓಟವನ್ನು ಹೊಣೆ ಮಾಡುವುದು ಅನ್ಯಾಯ. ಬಹುಪಾಲು ಸಂದರ್ಭಗಳಲ್ಲಿ ಹೊಣೆ ಅವಸರದ್ದು. ಆ ಅವಸರದ ಹಿಂದೆ ಇರುವುದು ದೇಹದ ಬಗೆಗಿನ ತಪ್ಪು ತಿಳಿವಳಿಕೆ, ಮತ್ತೆ, ಅದಕ್ಕಿಂತ ಹೆಚ್ಚಾಗಿ, ನಾಲ್ಕು ಜನ ನೋಡುತ್ತಾರೆ ಎಂಬ ಸಂಕೋಚ.

ಮಂಡಿಯ ಮಾತನ್ನು ಮೊದಲು ತೆಗೆದುಕೊಳ್ಳೋಣ. "ಬೈಕಿನ ಟೈರ್ ಇದ್ದ ಹಾಗೆ, ಓಡಿಸಿದಷ್ಟೂ ಸವೆಯುತ್ತೆ" ಎನ್ನುವ ಒಂದು ಹೋಲಿಕೆಯೇ ಈ ವಾದದ ಇಡೀ ಬಂಡವಾಳ. ಟೈರು ಸವೆದರೆ ಸವೆಯಿತು, ರಾತ್ರಿ ಶೆಡ್ಡಿನಲ್ಲಿ ನಿಂತಾಗ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವುದಿಲ್ಲ. ಮಂಡಿಯೊಳಗಿನ ಕಾರ್ಟಿಲೇಜಿನ ಕಥೆ ಬೇರೆ. ಅದಕ್ಕೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ ಸಿಗಬೇಕು. ಭಾರ ಬಿದ್ದಾಗ ಒತ್ತಿಕೊಂಡು, ಭಾರ ಹೋದಾಗ ಅರಳಿ, ಆ ದ್ರವ ಒಳಗೆ ಹೊರಗೆ ಆಡುತ್ತಿರಬೇಕು. ಕುಳಿತೇ ಇರುವ ಮಂಡಿಗೆ ಅಷ್ಟರ ಮಟ್ಟಿಗೆ ಊಟ ಕಡಿಮೆ.

ಸವೆತದ ವಾದ ನಿಜವಾಗಿದ್ದರೆ ವರ್ಷಗಟ್ಟಲೆ ಓಡಿದವರ ಮಂಡಿಗಳು ಎಲ್ಲರಿಗಿಂತ ಮೊದಲು ಕೈಕೊಡಬೇಕಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಫ್ರೈಸ್ ಎಂಬ ವೈದ್ಯರು ಸಂಗಡಿಗರೊಡನೆ 1984ರಲ್ಲಿ ಐವತ್ತು ದಾಟಿದ ಐನೂರಕ್ಕೂ ಹೆಚ್ಚು ಓಟಗಾರರನ್ನೂ, ಹೆಚ್ಚುಕಡಿಮೆ ಅದೇ ವಯಸ್ಸಿನ ನಾನೂರು ಚಿಲ್ಲರೆ ಇತರರನ್ನೂ ಹಿಂಬಾಲಿಸಲು ಶುರುಮಾಡಿದರು. ಹತ್ತೊಂಬತ್ತು ವರ್ಷ ಕಳೆಯುವ ಹೊತ್ತಿಗೆ ಓಡದವರಲ್ಲಿ ನೂರಕ್ಕೆ 34 ಮಂದಿ ತೀರಿಕೊಂಡಿದ್ದರು, ಓಡುವವರಲ್ಲಿ 15. ಮಂಡಿಯ ವಿಷಯಕ್ಕೆ ಬಂದರೆ, ಅದೇ ಅಧ್ಯಯನದ ಒಂದು ಚಿಕ್ಕ ಗುಂಪಿನ ಮಂಡಿಗಳ ಎಕ್ಸ್-ರೇಯನ್ನು ಎರಡು ದಶಕಗಳ ಹತ್ತಿರದವರೆಗೆ ತೆಗೆಯುತ್ತ ಹೋದರು. ಓಡಿದವರ ಮಂಡಿ ಹೆಚ್ಚು ಕೆಟ್ಟಿರಲಿಲ್ಲ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಲೆಕ್ಕ ಇನ್ನೂ ಸ್ಪಷ್ಟ: ಮಂಡಿ ಮತ್ತು ಸೊಂಟದ ಕೀಲುಸವೆತ ಹವ್ಯಾಸಕ್ಕೆ ಓಡುವವರಲ್ಲಿ ನೂರಕ್ಕೆ 3.5, ಓಡದೆ ಕೂತವರಲ್ಲಿ 10.2. ಸ್ಪರ್ಧೆಗಾಗಿ ಜೀವ ತೇಯುವ ವೃತ್ತಿಪರ ಮಟ್ಟದವರಲ್ಲಿ ಮಾತ್ರ 13.3. ಅಂದರೆ ಅತಿಯಾದರೆ ಅಪಾಯ ಇದೆ. ಆದರೆ ವಾರಕ್ಕೆ ಮೂರು ದಿನ ಕೆರೆ ಸುತ್ತ ಓಡುವ ಬ್ಯಾಂಕ್ ಗುಮಾಸ್ತರಿಗೆ ಆ ಅತಿಯ ಹತ್ತಿರ ಹೋಗಲು ಈ ಜನ್ಮ ಸಾಲದು.

ಇಲ್ಲಿ ಒಂದು ತಕರಾರು ಬರುತ್ತದೆ: ಮಂಡಿ ಗಟ್ಟಿ ಇದ್ದವರೇ ಓಡುತ್ತ ಉಳಿಯುತ್ತಾರೆ, ಕೆಟ್ಟವರು ಬಿಟ್ಟುಹೋಗುತ್ತಾರೆ, ಅದಕ್ಕೇ ಲೆಕ್ಕ ಹೀಗೆ ಚೆಂದ ಕಾಣುತ್ತದೆ ಎಂದು. ತಳ್ಳಿಹಾಕುವಂಥ ತಕರಾರಲ್ಲ. ಓಡುವವರ ಮೈತೂಕ ಸಾಮಾನ್ಯವಾಗಿ ಕಡಿಮೆ, ಮಂಡಿಗೆ ಅದೂ ಅನುಕೂಲ. ಅಷ್ಟನ್ನೂ ಕಳೆದರೂ ಸವೆತದ ವಾದಿಗಳಿಗೆ ಬೇಕಾದದ್ದು ಉಳಿಯುವುದಿಲ್ಲ. ಓಟ ಟೈರಿನಂತೆ ಮಂಡಿಯನ್ನು ತಿನ್ನುತ್ತಿದ್ದರೆ ಇಪ್ಪತ್ತು ವರ್ಷದಲ್ಲಿ ಅದು ಎಕ್ಸ್-ರೇಯಲ್ಲಿ ಕಾಣದೆ ಇರಲು ಸಾಧ್ಯವಿಲ್ಲ. ಇದನ್ನೆಲ್ಲ ಬಿಡಿ, ನಮ್ಮ ನಮ್ಮ ಮನೆಗಳನ್ನೇ ನೋಡಿಕೊಳ್ಳಿ. ಗೋಡೆ ಹಿಡಿದು "ಅಮ್ಮಾ" ಎಂದು ಏಳುವ ದೊಡ್ಡಮ್ಮ, ಚಿಕ್ಕಮ್ಮ, ಅತ್ತೆಯರಲ್ಲಿ ಬೀದಿಯಲ್ಲಿ ಓಡಿ ಮಂಡಿ ಕಳೆದುಕೊಂಡವರು ಎಷ್ಟು ಜನ? ಬಸ್ಸು ಹಿಡಿಯಲೂ ಓಡದೆ ಇದ್ದವರೇ ಹೆಚ್ಚು. ಅವರ ಮಂಡಿಯನ್ನು ತೋರಿಸಿ ಮೊಮ್ಮಗನ ಓಟ ನಿಲ್ಲಿಸುವುದು ಯಾವ ನ್ಯಾಯ?

ಹಾಗಾದರೆ ಹೊಸಬರಿಗೆ ನೋವು ಬರುವುದಿಲ್ಲವೇ? ಬರುತ್ತದೆ, ಧಾರಾಳವಾಗಿ ಬರುತ್ತದೆ. ಯಾಕೆ ಬರುತ್ತದೆ, ಯಾವಾಗ ಬರುತ್ತದೆ ಎಂದು ನೋಡಿದರೆ ಇಡೀ ವಿಷಯ ಬಿಚ್ಚಿಕೊಳ್ಳುತ್ತದೆ. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರಿಕೆ.

ಓಡಲು ಶುರುಮಾಡಿದ ಒಂದೆರಡು ವಾರದಲ್ಲೇ ರಕ್ತದ ಪ್ರಮಾಣ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಮೊದಲ ದಿನ ಬೀದಿಯ ತಿರುವಿಗೇ ಏದುಸಿರು ಬಿಟ್ಟವರು ಮೂರನೇ ವಾರ ಎರಡು ಕಿಲೋಮೀಟರು ಸಲೀಸಾಗಿ ಓಡುತ್ತಾರೆ. ಖುಷಿಯಾಗುತ್ತದೆ. ಉಸಿರು ಸಾಥ್ ಕೊಡುತ್ತಿದೆ, ಇನ್ನೇನು, ನಾಲ್ಕು ಓಡೋಣ ಎನ್ನಿಸುತ್ತದೆ. ಮೋಸ ಆಗುವುದು ಇಲ್ಲೇ. ಹೃದಯ, ಶ್ವಾಸಕೋಶ ವಾರಗಳ ಲೆಕ್ಕದಲ್ಲಿ ಬದಲಾಗುತ್ತವೆ. ಮೂಳೆ, ಸ್ನಾಯುರಜ್ಜುಗಳದ್ದು ತಿಂಗಳುಗಳ ಲೆಕ್ಕ. ಉಸಿರು ಅನುಮತಿ ಕೊಟ್ಟಿತೆಂದು ಕಣಕಾಲಿನ ಮೂಳೆಯೂ ಅನುಮತಿ ಕೊಟ್ಟಿದೆ ಎಂದುಕೊಂಡವರು ಕೆಡುತ್ತಾರೆ.

ಮೂಳೆ ಜಡವಸ್ತುವಲ್ಲ, ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲೇ ಪುಸ್ತಕ ಬರೆದಿಟ್ಟರು. ಆದರೆ ಈ ತಿದ್ದುಪಡಿಗೆ ಒಂದು ಕ್ರಮ ಇದೆ. ಹೊಸ ಭಾರ ಬಿದ್ದ ಕಡೆ ಮೊದಲು ಹಳೆಯ ಮೂಳೆಯನ್ನು ಜೀವಕೋಶಗಳು ಕೆರೆದು ತೆಗೆಯುತ್ತವೆ; ಆಮೇಲೆ ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತವೆ. ಕೆರೆಯುವುದಕ್ಕೆ ಸುಮಾರು ಮೂರು ವಾರ ಸಾಕು. ಕಟ್ಟುವುದಕ್ಕೆ ಸುಮಾರು ಮೂರು ತಿಂಗಳು ಬೇಕು. ಈ ನಡುವಿನ ಅವಧಿಯಲ್ಲಿ ಆ ಮೂಳೆ ಓಡಲು ಶುರುಮಾಡುವ ಮೊದಲು ಇದ್ದದ್ದಕ್ಕಿಂತಲೂ ಸ್ವಲ್ಪ ದುರ್ಬಲವಾಗಿರುತ್ತದೆ. ಅಂದರೆ ಉಸಿರು ಹಗುರಾಗಿ, ಹುರುಪು ಏರಿ, ದೂರ ಹೆಚ್ಚಿಸೋಣ ಎಂದು ಮನಸ್ಸು ಹಾತೊರೆಯುವ ಮೂರು, ನಾಲ್ಕನೇ ವಾರವೇ ಕಾಲಿನ ಮೂಳೆಗೆ ಅತಿ ಕಷ್ಟದ ಕಾಲ.

ಇದು ಹೊಸ ಸಂಗತಿಯೂ ಅಲ್ಲ. 1855ರಲ್ಲಿ ಬ್ರೈಟ್‌ಹಾಪ್ಟ್ ಎಂಬ ಪ್ರಷ್ಯಾದ ಸೇನಾ ವೈದ್ಯ ದೀರ್ಘ ಕವಾಯತಿನ ನಂತರ ಸೈನಿಕರ ಪಾದ ಊದಿಕೊಂಡು ನೋಯುವುದನ್ನು ಬರೆದಿಟ್ಟಿದ್ದ. ಎಕ್ಸ್-ರೇ ಬಂದಮೇಲೆ, 1897ರಲ್ಲಿ, ಅದು ಮೂಳೆಯ ಬಿರುಕು ಎಂದು ಗೊತ್ತಾಯಿತು. ಬಿದ್ದಿಲ್ಲ, ಗುದ್ದಿಲ್ಲ, ಬರೀ ಹೆಜ್ಜೆ ಹಾಕಿ ಹಾಕಿ ಬಿಟ್ಟ ಬಿರುಕು. ಆ ಸೈನಿಕರು ಕೈಲಾಗದವರೇನಲ್ಲ. ಅವರಿಗೆ ಸಿಗದೆ ಹೋದದ್ದು ಸಮಯ.

ಇನ್ನು ಹಿಮ್ಮಡಿಯ ಮೇಲೆ ಬೆರಳಿಗೆ ಗಟ್ಟಿಯಾಗಿ ಸಿಗುವ ಪಟ್ಟಿ, ಅಕಿಲಿಸ್ ಟೆಂಡನ್ ಎಂಬ ಸ್ನಾಯುರಜ್ಜು. ನಮ್ಮ ಜನ ಅದನ್ನೂ ನರ ಎಂದೇ ಕರೆಯುತ್ತಾರೆ. ಇದರ ಬಗ್ಗೆ ಡೆನ್ಮಾರ್ಕಿನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಸಂಶೋಧನೆ ಪತ್ತೇದಾರಿ ಕಥೆಗಿಂತ ಕಡಿಮೆಯದಲ್ಲ. 1955ರಿಂದ 1963ರವರೆಗೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ವಿಪರೀತ ಹೆಚ್ಚಿ, ಆಮೇಲೆ ನಿಧಾನವಾಗಿ ಇಳಿಯಿತು. ಆಹಾರದ ಮೂಲಕ ಅದು ಎಲ್ಲರ ಮೈಗೂ ಸೇರಿತು. ಮೃತದೇಹಗಳಿಂದ ತೆಗೆದ ಟೆಂಡನ್ನುಗಳಲ್ಲಿ ಆ ಕಾರ್ಬನ್ನಿನ ಪ್ರಮಾಣ ಅಳೆದರೆ ಆ ಅಂಗಾಂಶ ಯಾವ ವರ್ಷ ಕಟ್ಟಿದ್ದು ಎಂದು ಹೇಳಬಹುದು. ಸಿಕ್ಕ ಉತ್ತರ: ಟೆಂಡನ್ನಿನ ತಿರುಳು ಸುಮಾರು ಹದಿನೇಳನೇ ವಯಸ್ಸಿಗೆ ಕಟ್ಟಿ ಮುಗಿದಿರುತ್ತದೆ, ಆಮೇಲೆ ಹೆಚ್ಚುಕಡಿಮೆ ಹೊಸದಾಗುವುದೇ ಇಲ್ಲ. ಸ್ನಾಯು ಬೆಳೆದಷ್ಟು ಸುಲಭವಾಗಿ ಅದು ಬೆಳೆಯದು. ನಲವತ್ತರ ಹರೆಯದವರು ಪಿಯುಸಿ ದಿನಗಳಲ್ಲಿ ಕಟ್ಟಿದ ಟೆಂಡನ್ ಇಟ್ಟುಕೊಂಡೇ ಓಡುತ್ತಿರುತ್ತಾರೆ. ಅದನ್ನು ಒಂದೇ ತಿಂಗಳಲ್ಲಿ ಪಳಗಿಸುತ್ತೇನೆ ಎನ್ನುವುದು ದುಡುಕು.

ಒಂದು ಹೆಜ್ಜೆಗೆ ಮೈತೂಕದ ಎರಡು-ಮೂರು ಪಟ್ಟು ಬಲ ನೆಲದಿಂದ ಪಾದಕ್ಕೆ ಬರುತ್ತದೆ. ನಿಧಾನವಾಗಿ ಓಡುವವರು ಕಿಲೋಮೀಟರಿಗೆ ಸಾವಿರಕ್ಕಿಂತ ಹೆಚ್ಚು ಹೆಜ್ಜೆ ಹಾಕುತ್ತಾರೆ. ದಿನ ಬಿಟ್ಟು ದಿನ ಎರಡು ಕಿಲೋಮೀಟರು ಓಡುವುದಕ್ಕೂ ಪ್ರತಿದಿನ ಐದು ಓಡುವುದಕ್ಕೂ ಇರುವ ವ್ಯತ್ಯಾಸ ವಾರದ ಕೊನೆಗೆ ಎಷ್ಟಾಯಿತು ಎಂದು ಲೆಕ್ಕ ಹಾಕಿಕೊಳ್ಳಬಹುದು.

ಈ ಲೆಕ್ಕ ಗೊತ್ತಿಲ್ಲದೆ ಅತಿ ಹೆಚ್ಚು ಪೆಟ್ಟು ತಿನ್ನುವವರು ಕಬ್ಬನ್ ಪಾರ್ಕಿನ ಹವ್ಯಾಸಿಗಳಲ್ಲ, ಜಿಲ್ಲಾ ಕ್ರೀಡಾಂಗಣಗಳಲ್ಲಿ ಬೆಳಗಿನ ಐದೂವರೆಗೆ ಸೇರುವ ಹುಡುಗರು. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಗಂಡು ಅಭ್ಯರ್ಥಿಗಳು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ನಾನೂರು ಮೀಟರಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಕಿಲೋಮೀಟರಿಗೆ ನಾಲ್ಕು ನಿಮಿಷ ಚಿಲ್ಲರೆಯ ವೇಗ. ಲಿಖಿತ ಪರೀಕ್ಷೆ ಮೊದಲು, 'ಫಿಸಿಕಲ್' ಆಮೇಲೆ. ಅಗ್ನಿವೀರ ನೇಮಕಾತಿಯಲ್ಲೂ 2023ರಿಂದ ಹಾಗೆಯೇ, ಆನ್‌ಲೈನ್ ಪರೀಕ್ಷೆ ಪಾಸಾದವರಿಗೆ ಮಾತ್ರ ಓಟ. ಇದರ ಪರಿಣಾಮ ಏನೆಂದರೆ, ಕೋಚಿಂಗ್ ಸೆಂಟರಿನಲ್ಲಿ ತಿಂಗಳುಗಟ್ಟಲೆ ಕೂತು ಸಾಮಾನ್ಯ ಜ್ಞಾನ ಉರುಹೊಡೆದ ಹುಡುಗ ರಿಸಲ್ಟ್ ಬಂದ ಮರುದಿನ ಮೈದಾನಕ್ಕೆ ಇಳಿಯುತ್ತಾನೆ. ಇಳಿದ ದಿನವೇ ನಾಲ್ಕು ಸುತ್ತು, ಅದೂ ಗಡಿಯಾರದ ಎದುರು.

ಎರಡು ಮೂರು ವಾರಕ್ಕೆ ಕಣಕಾಲಿನ ಒಳಮಗ್ಗುಲಲ್ಲಿ ನೋವು ಶುರು. ಮೈದಾನದಲ್ಲಿ ಇದಕ್ಕೆ ಶಿನ್ ಪೇನ್ ಎಂದೇ ಹೆಸರು. ಟ್ರ್ಯಾಕಿನ ಅಂಚಿನಲ್ಲಿ ಹುಡುಗನೊಬ್ಬ ಪ್ಯಾಂಟು ಮೇಲಕ್ಕೆ ಮಡಚಿ ಕೂತು ಹೆಬ್ಬೆರಳಿನಿಂದ ಮೂಳೆಯ ಅಂಚನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿರುತ್ತಾನೆ. "ಅಣ್ಣಾ, ಶಿನ್ ಪೇನ್ ಅಣ್ಣಾ, ಕಾಲೂರಕ್ಕೆ ಆಗ್ತಿಲ್ಲ." ಅಣ್ಣ ಅಂದರೆ ಎರಡು ಸಲ ಫಿಸಿಕಲ್ ಕೊಟ್ಟು ಬಂದ ಹಿರಿಯ ಅಭ್ಯರ್ಥಿ, ಈಗ ಹುಡುಗರಿಗೆ ಓಟ ಹೇಳಿಕೊಡುವವನು. "ಎಲ್ರಿಗೂ ಬರುತ್ತೆ ಕಣೋ. ಸ್ಪ್ರೇ ಹೊಡ್ಕೊ, ಕ್ರೇಪ್ ಬ್ಯಾಂಡೇಜ್ ಕಟ್ಕೊ, ಓಡು. ಡೇಟ್ ಬಂದ್ಬಿಟ್ಟಿದೆ." ಹುಡುಗ ಓಡುತ್ತಾನೆ. ನೋವಿನ ಮಾತ್ರೆ ನುಂಗಿ ಓಡುತ್ತಾನೆ. ಆಮೇಲೆ ಊರಿನ ಬಸ್ ಸ್ಟ್ಯಾಂಡ್ ಹತ್ತಿರ ಪುತ್ತೂರು ಕಟ್ಟಿನ ಬೋರ್ಡು ಹುಡುಕಿಕೊಂಡು ಹೋಗುತ್ತಾನೆ. ಅವನ ಕಣಕಾಲಿನ ನೋವು ಉದ್ದಕ್ಕೂ ಹರಡಿಕೊಂಡಿದ್ದರೆ ಓಟ ಕಡಿಮೆ ಮಾಡಿ ಕಾದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಒಂದು ರೂಪಾಯಿ ಅಗಲದ ಒಂದೇ ಜಾಗದಲ್ಲಿ ಒತ್ತಿದರೆ ಜೀವ ಹೋದ ಹಾಗಾಗುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಅದು ಬಿರುಕಿನ ಸೂಚನೆ. ಆಗ ಓಟ ಪೂರ್ತಿ ನಿಲ್ಲಿಸಿ ಮೂಳೆ ಡಾಕ್ಟರ ಬಳಿ ಹೋಗಬೇಕು. ಶುರುವಿನ ಬಿರುಕು ಎಕ್ಸ್-ರೇಗೂ ಎಷ್ಟೋ ಸಲ ಕಾಣುವುದಿಲ್ಲ, ಆದ್ದರಿಂದ ಎಕ್ಸ್-ರೇ ನಾರ್ಮಲ್ ಎಂದು ಮರುದಿನವೇ ಓಡಲು ಹೋಗಬಾರದು. ನೋವು ತಡೆದುಕೊಳ್ಳುವವನೇ ಗಂಡಸು ಎಂಬ ಬೋಧನೆ ಈ ವ್ಯತ್ಯಾಸ ತಿಳಿಯುವುದಕ್ಕೇ ಬಿಡುವುದಿಲ್ಲ. ಎಲ್ಲ ನೋವೂ ಒಂದೇ, ಎಲ್ಲವನ್ನೂ ನುಂಗಬೇಕು.

ಈ ಹುಡುಗರಿಗೆ ಸುಲಭವಾಗಿ ಹೇಳಬಹುದಾದ ಮಾತೊಂದಿದೆ, ಯಾವ ಕೋಚಿಂಗ್ ಸೆಂಟರಿನ ಪ್ಯಾಂಪ್ಲೆಟ್ಟಿನಲ್ಲೂ ಅದನ್ನು ನಾನು ಕಂಡಿಲ್ಲ: ಅರ್ಜಿ ಹಾಕಿದ ವಾರವೇ ಓಡಲು ಶುರುಮಾಡಿ, ಗಡಿಯಾರವನ್ನು ಕೊನೆಯ ಎರಡು ತಿಂಗಳಿಗೆ ಇಟ್ಟುಕೊಳ್ಳಿ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಮೂರು ಸಲ. ಪರೀಕ್ಷೆಯ ಓದಿಗೆ ಇದರಿಂದ ಏನೂ ಕೊರತೆಯಾಗದು.

ಬೆಂಗಳೂರಿನ ಕಥೆಗೆ ಬೇರೆ ಬಣ್ಣ. 2008ರಲ್ಲಿ ಶುರುವಾದ ಹತ್ತು ಕಿಲೋಮೀಟರ್ ಓಟದಿಂದ ಊರಿಗೆ ಓಟದ ಹುಚ್ಚು ಹತ್ತಿದ್ದು ಒಳ್ಳೆಯದೇ ಆಯಿತು. ಆದರೆ ಅದರ ಜೊತೆಗೆ ಮೊದಲು ಹೆಸರು ನೋಂದಾಯಿಸುವುದು, ಆಮೇಲೆ ಓಡಲು ಕಲಿಯುವುದು ಎಂಬ ತಲೆಕೆಳಗಾದ ಪದ್ಧತಿಯೂ ಬಂತು. ಕಂಪನಿಯ ಗುಂಪಿನಲ್ಲಿ ಹೆಸರು ಕೊಟ್ಟಾಗಿದೆ, ಟೀ ಶರ್ಟ್ ಬಂದಾಗಿದೆ, ಇನ್ನು ಆರು ವಾರ ಇದೆ. ಮೂಳೆ ಮೂರು ತಿಂಗಳು ಕೇಳುತ್ತದೆ ಎಂದು ಮಾನವ ಸಂಪನ್ಮೂಲ ವಿಭಾಗಕ್ಕೆ ಯಾರು ಹೇಳಬೇಕು?

ಅಂಗಡಿಯವರು ಬೇರೆ ದಾರಿ ತೋರಿಸುತ್ತಾರೆ: ಶೂ. ಪಾದದ ಕಮಾನು ಅಳೆದು, ಟ್ರೆಡ್‌ಮಿಲ್ಲಿನ ಮೇಲೆ ಓಡಿಸಿ, ವಿಡಿಯೊ ತೆಗೆದು, ನಿಮಗೆ ಇಂಥದ್ದೇ ಬೇಕು ಎಂದು ಹದಿನೈದು ಸಾವಿರದ ಜೋಡಿ ಕೊಡುತ್ತಾರೆ. ಅಮೆರಿಕದ ಸೇನೆ ತನ್ನ ಹೊಸ ಸೈನಿಕರ ಮೇಲೆ ಇದನ್ನು ಪರೀಕ್ಷಿಸಿದೆ. ಕೆಲವರಿಗೆ ಪಾದದ ಆಕಾರ ನೋಡಿ ಶೂ ಕೊಟ್ಟರು, ಕೆಲವರಿಗೆ ಆಕಾರ ನೋಡದೆ ಒಂದೇ ಬಗೆಯದನ್ನು ಕೊಟ್ಟರು. ಭೂಸೇನೆ, ವಾಯುಸೇನೆ, ಮೆರೀನ್ ಮೂರರಲ್ಲೂ ಗಾಯದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಕಾಲಿಗೆ ಹಿತವಾಗಿ ಕೂರುವ, ಬೆರಳಿಗೆ ಜಾಗ ಇರುವ ಶೂ ಇದ್ದರೆ ಆಯಿತು. ಓಡುವ ಮೊದಲು ನಿಂತಲ್ಲೇ ಕಾಲು ಎಳೆದು ಹಿಡಿಯುವ ಸ್ಟ್ರೆಚಿಂಗಿನದೂ ಇದೇ ಕಥೆ. ಆಸ್ಟ್ರೇಲಿಯಾದಲ್ಲಿ 1538 ಹೊಸ ಸೈನಿಕರ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದರಿಂದ ಗಾಯ ತಪ್ಪಿದ್ದು ಕಾಣಲಿಲ್ಲ. ಮೊದಲ ಐದು-ಹತ್ತು ನಿಮಿಷ ಚುರುಕಾಗಿ ನಡೆದರೆ ಮೈ ಬೆಚ್ಚಗಾಗುತ್ತದೆ, ಅಷ್ಟು ಸಾಕು.

ನಡೆಯುವುದು ಅಂದಾಗ ಅಸಲಿ ರೋಗ ಹೊರಗೆ ಬರುತ್ತದೆ. ಹೊಸಬರು ಒಂದು ನಿಮಿಷ ಓಡಿ, ಎರಡು ನಿಮಿಷ ನಡೆದು, ಮತ್ತೆ ಓಡಬೇಕು. ಇದರಷ್ಟು ಸುಲಭದ, ಖರ್ಚಿಲ್ಲದ ಉಪಾಯ ಇನ್ನೊಂದಿಲ್ಲ. ಆದರೂ ಯಾರೂ ಮಾಡುವುದಿಲ್ಲ. ಲಾಲ್‌ಬಾಗಿನಲ್ಲಿ ನೋಡಿ, ಓಡುತ್ತಿದ್ದವರು ಸುಸ್ತಾಗಿ ನಡಿಗೆಗೆ ಇಳಿದಾಗ ತಕ್ಷಣ ಬಗ್ಗಿ ಶೂ ಲೇಸ್ ಸರಿಮಾಡುತ್ತಾರೆ, ಇಲ್ಲ ಫೋನ್ ತೆಗೆಯುತ್ತಾರೆ. ಬಿಚ್ಚದ ಲೇಸನ್ನು ಕಟ್ಟುವವರ ಸಂಖ್ಯೆ ಅಲ್ಲಿ ಆಶ್ಚರ್ಯ ಹುಟ್ಟಿಸುವಷ್ಟಿದೆ. "ಓಡಕ್ಕೆ ಬಂದು ನಡೀತಾ ಇದಾನೆ" ಎಂದು ಯಾರಾದರೂ ಅಂದುಬಿಟ್ಟಾರು. ಹೆಂಗಸರಿಗಂತೂ ಈ ಸಂಕೋಚ ಇಮ್ಮಡಿ. ಓಡಿದರೂ ನೋಡುತ್ತಾರೆ, ನಿಂತರೂ ನೋಡುತ್ತಾರೆ. ಹಾಗಾಗಿ ನೋಡುವವರ ಕಣ್ಣು ತಪ್ಪಿಸಲು ಬೇಗ ಬೇಗ ಓಡಿ ಮುಗಿಸುತ್ತಾರೆ. ಕಾಲಿನ ವೇಗವನ್ನು ತೀರ್ಮಾನಿಸುವುದು ಬೆಂಚಿನ ಮೇಲೆ ಕೂತವರು.

ಹೀಗೆ ನಾಚಿಕೊಳ್ಳುವವರಿಗೆ ಜಾಗಿಂಗ್ ಎಂಬ ಪದ್ಧತಿ ಹುಟ್ಟಿದ ಕಥೆ ಹೇಳಬೇಕು. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಒಲಿಂಪಿಕ್ ಚಾಂಪಿಯನ್ನರನ್ನು ತಯಾರು ಮಾಡಿದ ತರಬೇತುದಾರ. ಆತ 1960ರ ದಶಕದ ಆರಂಭದಲ್ಲಿ ಆಕ್ಲೆಂಡಿನ ಮಧ್ಯವಯಸ್ಕರನ್ನು, ಹೃದಯದ ತೊಂದರೆ ಇದ್ದವರನ್ನೂ ಸೇರಿಸಿಕೊಂಡು, ಮಾತಾಡುತ್ತ ಮಾತಾಡುತ್ತ ಓಡಿಸುತ್ತಿದ್ದ. ಅಮೆರಿಕದ ಆರಿಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬೋವರ್‌ಮನ್ ಅಲ್ಲಿಗೆ ಹೋದಾಗ ಈ ಗುಂಪಿನ ಜೊತೆ ಓಡಿದ. ಆಗ ಅವನಿಗೆ ಐವತ್ತು ಚಿಲ್ಲರೆ ವಯಸ್ಸು. ಎಪ್ಪತ್ತು ದಾಟಿದ, ಹೃದಯಾಘಾತ ಕಂಡಿದ್ದ ಮುದುಕರೊಬ್ಬರು ಅವನ ಪಕ್ಕ ಆರಾಮವಾಗಿ ಹರಟುತ್ತ ಓಡಿದರೆ ಈ ದೊಡ್ಡ ಕೋಚಿಗೆ ಉಸಿರು ಸಿಕ್ಕಲಿಲ್ಲ. ಊರಿಗೆ ಮರಳಿದ ಬೋವರ್‌ಮನ್ ಒಬ್ಬ ಹೃದಯತಜ್ಞನ ಜೊತೆ ಸೇರಿ ಜಾಗಿಂಗ್ ಬಗ್ಗೆ ಪುಸ್ತಕವನ್ನೇ ಬರೆದ. ಮುಂದೆ ನೈಕಿ ಎಂದು ಹೆಸರಾದ ಶೂ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬ ಅವನೇ. ಜಗತ್ತಿಗೆ ಓಟದ ಹುಚ್ಚು ಹಿಡಿಸಿದವನು ಕಲಿತು ಬಂದದ್ದು ಮಾತಾಡಿಕೊಂಡು ಓಡುವ ನಿಧಾನವನ್ನು. ನಾವು ಶೂ ಉಳಿಸಿಕೊಂಡು ಆ ನಿಧಾನವನ್ನು ಮರೆತೆವು.

ನಡುನಡುವೆ ನಡೆಯುವುದು ಕೈಲಾಗದವರ ಪದ್ಧತಿಯಲ್ಲ. ಅದನ್ನು ಎಪ್ಪತ್ತರ ದಶಕದಲ್ಲಿ ಪ್ರಚಾರಕ್ಕೆ ತಂದ ಜೆಫ್ ಗ್ಯಾಲೋವೆ 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಹತ್ತು ಸಾವಿರ ಮೀಟರ್ ಓಡಿದವರು. ಇವತ್ತು ಫೋನಿನಲ್ಲಿ ಸಿಗುವ, ಒಂಬತ್ತು ವಾರದಲ್ಲಿ ಸೋಫಾದಿಂದ ಐದು ಕಿಲೋಮೀಟರಿಗೆ ಕರೆದೊಯ್ಯುವ ಕಾರ್ಯಕ್ರಮವನ್ನು ಜಾಶ್ ಕ್ಲಾರ್ಕ್ ಎಂಬಾತ 1996ರಲ್ಲಿ ತನ್ನ ತಾಯಿಗೂ ಆಗುವಂತೆ ಬರೆದ. ಒಂಬತ್ತು ವಾರ ಕೆಲವರಿಗೆ ಕಡಿಮೆ. ಹದಿನೆಂಟು ವಾರ ತೆಗೆದುಕೊಂಡರೆ ಯಾರೂ ದಂಡ ಹಾಕುವುದಿಲ್ಲ, ಒಂದೊಂದು ವಾರವನ್ನು ಎರಡು ಸಲ ಮಾಡಿದರಾಯಿತು.

ವೇಗ ಎಷ್ಟಿರಬೇಕೆಂದು ತಿಳಿಯಲು ಕೈಗಡಿಯಾರ ಬೇಡ. ಓಡುತ್ತ ಹದಿಮೂರರ ಮಗ್ಗಿ ಗಟ್ಟಿಯಾಗಿ ಹೇಳಿಕೊಳ್ಳಿ. ಹದಿಮೂರ್ನಾಲ್ಕಲಿ ಐವತ್ತೆರಡು ಎನ್ನುವಷ್ಟರಲ್ಲಿ ಉಸಿರು ತುಂಡಾದರೆ ವೇಗ ಹೆಚ್ಚಾಯಿತು. (ಮಗ್ಗಿಯೇ ಮರೆತುಹೋಗಿದ್ದರೆ ಅದು ಬೇರೆ ವಿಷಯ.) ಈ ಪರೀಕ್ಷೆಯಲ್ಲಿ ಪಾಸಾಗುವ ವೇಗ ಮೊದಲ ತಿಂಗಳು ನಾಚಿಕೆಯಾಗುವಷ್ಟು ಕಡಿಮೆ ಇರುತ್ತದೆ, ಪಕ್ಕದಲ್ಲಿ ಚುರುಕಾಗಿ ನಡೆಯುವವರು ಹಿಂದೆ ಹಾಕಿ ಹೋಗಬಹುದು. ಹೋಗಲಿ.

ಇಲ್ಲಿ ನನ್ನ ವಾದಕ್ಕೆ ಎದುರಾಗುವ ಒಂದು ಪ್ರಯೋಗವನ್ನು ಬಚ್ಚಿಡಬಾರದು. ನೆದರ್ಲೆಂಡ್ಸಿನ ಗ್ರೊನಿಂಗನ್ ನಗರದಲ್ಲಿ ಸುಮಾರು ಐನೂರು ಹೊಸ ಓಟಗಾರರನ್ನು ನಾಲ್ಕು ಮೈಲಿ ಓಟಕ್ಕೆ ತಯಾರು ಮಾಡಿದರು. ಅರ್ಧ ಜನರಿಗೆ ಎಂಟು ವಾರದ ತರಬೇತಿ, ಇನ್ನರ್ಧಕ್ಕೆ ವಾರಕ್ಕೆ ಶೇಕಡ ಹತ್ತರಷ್ಟು ಮಾತ್ರ ಹೆಚ್ಚಿಸುವ ಹದಿಮೂರು ವಾರದ ತರಬೇತಿ. 2008ರಲ್ಲಿ ಫಲಿತಾಂಶ ಬಂದಾಗ ಎರಡೂ ಗುಂಪಿನಲ್ಲಿ ಐವರಲ್ಲಿ ಒಬ್ಬರಿಗೆ ವಾರವಾದರೂ ಓಟಕ್ಕೆ ಅಡ್ಡಿಯಾಗುವ ನೋವು ಬಂದಿತ್ತು. ಹಾಗಾದರೆ ನಿಧಾನದಿಂದ ಲಾಭವಿಲ್ಲ ಎಂದಾಯಿತೇ? ವಾರಕ್ಕೆ ಹತ್ತು ಪರ್ಸೆಂಟ್ ಎಂಬ ಸೂತ್ರವನ್ನು ಮಂತ್ರದಂತೆ ಜಪಿಸುವವರಿಗೆ ಇದು ಪೆಟ್ಟೇ ಸರಿ. ಆದರೆ ಎರಡು ಗುಂಪಿನವರೂ ನಡಿಗೆ ಬೆರೆಸಿಯೇ ಶುರುಮಾಡಿದ್ದರು ಎಂಬುದನ್ನು ಮರೆಯಬಾರದು. ಅಲ್ಲಿ ಹೋಲಿಸಿದ್ದು ನಿಧಾನವನ್ನೂ ಇನ್ನಷ್ಟು ನಿಧಾನವನ್ನೂ. ಮೊದಲ ದಿನವೇ ಗಡಿಯಾರ ಹಿಡಿದು ನಾಲ್ಕು ಸುತ್ತು ಓಡುವವರು ಆ ಪ್ರಯೋಗದಲ್ಲಿ ಇರಲಿಲ್ಲ.

2025ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದಕ್ಕೆ ಬೆಳಕು ಚೆಲ್ಲುತ್ತದೆ. ಐದು ಸಾವಿರಕ್ಕೂ ಹೆಚ್ಚು ಓಟಗಾರರ ಕೈಗಡಿಯಾರದ ಲೆಕ್ಕವನ್ನು ಒಂದೂವರೆ ವರ್ಷ ನೋಡಿದಾಗ, ವಾರದ ಒಟ್ಟು ದೂರ ಏರಿದ್ದಕ್ಕೂ ಗಾಯಕ್ಕೂ ನಿರೀಕ್ಷಿಸಿದ ನಂಟು ಸಿಕ್ಕಲಿಲ್ಲ. ಸಿಕ್ಕಿದ್ದು ಒಂದೇ ದಿನದ ಅತಿರೇಕಕ್ಕೆ. ಹಿಂದಿನ ಮೂವತ್ತು ದಿನದಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಶೇಕಡ ಹತ್ತನ್ನು ದಾಟಿ ಒಮ್ಮೆಗೇ ಹೆಚ್ಚು ಓಡಿದರೆ ಅಪಾಯ ಏರುತ್ತದೆ. ಇಮ್ಮಡಿ ದಾಟಿದರೆ ಅಪಾಯವೂ ಇಮ್ಮಡಿ ಮೀರುತ್ತದೆ. ಭಾನುವಾರ ಗೆಳೆಯರ ಗುಂಪು ಸಿಕ್ಕಿತು, ನಂದಿಬೆಟ್ಟದ ಕಡೆ ಹೋಗೋಣ ಎಂದರು, ಮೂರು ಓಡುತ್ತಿದ್ದವರು ಎಂಟು ಓಡಿ ಬಂದರು. ಸೋಮವಾರ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಕಚೇರಿಯಲ್ಲಿ ಹೇಳುವುದು ಮಾತ್ರ "ಓಡಿ ಓಡಿ ಹಿಮ್ಮಡಿ ನೋವು ಬಂತು" ಎಂದು. ಬಂದದ್ದು ಆ ಐದು ಹೆಚ್ಚುವರಿ ಕಿಲೋಮೀಟರಿನಿಂದ. ಆವರೆಗೆ ತಿಂಗಳುಗಟ್ಟಲೆ ಓಡಿದ್ದಕ್ಕೆ ಆ ಕಾಲು ಚಕಾರ ಎತ್ತಿರಲಿಲ್ಲ.

ಹೊಸದಾಗಿ ಓಡಿದ ಮರುದಿನ ಎರಡೂ ಕಾಲಿನ ಮೀನಖಂಡ, ತೊಡೆ ಬಿಗಿದುಕೊಳ್ಳುವುದು ಸಹಜ, ಎರಡು ಮೂರು ದಿನದಲ್ಲಿ ತಾನೇ ಹೋಗುತ್ತದೆ. ಅದಕ್ಕೆ ಹೆದರಬೇಕಿಲ್ಲ. ಒಂದೇ ಕಾಲಿನಲ್ಲಿ, ಒಂದೇ ಜಾಗದಲ್ಲಿ, ಓಡಿದಷ್ಟೂ ಹೆಚ್ಚಾಗುವ ನೋವು, ನಡಿಗೆ ಕುಂಟಿಸುವ ನೋವು ಬೇರೆ ಜಾತಿಯದು. ಆಗ ಕೆಲವು ಡಾಕ್ಟರುಗಳೂ ಹಿರಿಯರ ಪಾಳಯ ಸೇರಿ "ಓಟ ಬಿಟ್ಟುಬಿಡಿ, ನಿಮಗೆ ಆಗಿಬರಲ್ಲ" ಎಂದು ಚೀಟಿ ಬರೆಯುತ್ತಾರೆ. ಮೂಳೆಯ ಬಿರುಕಿಗೆ ವಿಶ್ರಾಂತಿ ಬೇಕು, ಸಂಶಯವೇ ಇಲ್ಲ. ಉಳಿದ ಬಹುತೇಕ ನೋವುಗಳಿಗೆ ಬೇಕಾದದ್ದು ಓಟ ಇಳಿಸುವುದು: ಅರ್ಧ ದೂರ, ಹೆಚ್ಚು ನಡಿಗೆ, ಜೊತೆಗೆ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವಂಥ, ಸ್ನಾಯು ಗಟ್ಟಿಮಾಡುವ ಕೆಲಸ. ಪೂರ್ತಿ ಬಿಟ್ಟು ಎರಡು ತಿಂಗಳು ಕೂತು, ಆಮೇಲೆ ಬಿಟ್ಟ ಕಡೆಯಿಂದಲೇ ಎದ್ದು ಓಡಿದರೆ ಅದೇ ನೋವು ಅದೇ ಜಾಗಕ್ಕೆ ಬರುತ್ತದೆ. ಎದೆನೋವು, ತಲೆಸುತ್ತು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು, ಮಂಡಿಗೆ ಹಿಂದೆ ಪೆಟ್ಟಾದವರು ಶುರುಮಾಡುವ ಮೊದಲೇ ಡಾಕ್ಟರನ್ನು ಕೇಳಬೇಕು. ಇದರಲ್ಲಿ ವಾದವಿಲ್ಲ.

"ಇಷ್ಟು ನಿಧಾನ ಮಾಡ್ತಾ ಕೂತ್ರೆ ಹತ್ತು ಕಿಲೋಮೀಟರ್ ಓಡೋದು ಯಾವಾಗ?" ಎನ್ನುವವರಿಗೆ ಲೆಕ್ಕ ಹೇಳುತ್ತೇನೆ. ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ ಈಚೆಗೆ ಏಪ್ರಿಲ್ ಕೊನೆಗೆ ನಡೆಯುತ್ತಿದೆ. ದೀಪಾವಳಿಯ ಎಣ್ಣೆಸ್ನಾನ ಮುಗಿದ ವಾರ ಶುರುಮಾಡಿದರೆ ಐದು ತಿಂಗಳ ಮೇಲೆ ಸಿಗುತ್ತದೆ. ಸಂಕ್ರಾಂತಿಯವರೆಗೆ ಓಟ-ನಡಿಗೆ ಬೆರೆಸಿ ಅರ್ಧ ಗಂಟೆ, ವಾರಕ್ಕೆ ಮೂರು ದಿನ. ಆ ಹೊತ್ತಿಗೆ ಮೂಳೆ ತನ್ನ ಮೊದಲ ಸುತ್ತಿನ ಕಟ್ಟೋಣ ಮುಗಿಸುತ್ತ ಬಂದಿರುತ್ತದೆ. ಶಿವರಾತ್ರಿ ಹೊತ್ತಿಗೆ ಐದು ಕಿಲೋಮೀಟರು, ಯುಗಾದಿಗೆ ಏಳು. ಬಿಸಿಲು ಏರುವ ಮೊದಲೇ ಮುಗಿಸಿಕೊಳ್ಳಬೇಕು ಅಷ್ಟೇ. ನೋಂದಣಿ ತೆರೆದ ಮೇಲೆ ಆರು ವಾರದ ವೇಳಾಪಟ್ಟಿ ಹುಡುಕುವವರು ಈ ಸಲ ಸುಮ್ಮನೆ ರಸ್ತೆಬದಿ ನಿಂತು ಚಪ್ಪಾಳೆ ಹೊಡೆಯಲಿ, ಸೋಮವಾರದಿಂದ ಮುಂದಿನ ವರ್ಷಕ್ಕೆ ಶುರುಮಾಡಲಿ.